ಸಂಮೋಹನ ಚಿಕಿತ್ಸೆ: ಬೀಡಿ ಬಿಡಿಸುತ್ತದೆಯೇ?



ಹೋದ ವಾರ ಶಿವಾರಪಟ್ಟಣದಲ್ಲಿ ರಾಗಿ ಬಿತ್ತನೆ ಬೀಜದ ಉಪಚಾರ ತೋರಿಸಿ ಹೊರಟಾಗ ಕಲ್ಲು ಕೆತ್ತುವ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸ್ವಾಮಿ, ಪೇಟೆಯಲ್ಲಿ ಯಾರೋ ಕಣ್ಣು ಮುಚ್ಚಿಸಿ ಬೀಡಿ ಬಿಡಿಸ್ತಾರಂತೆ. ಎರಡು ಸಾವಿರ ಕೇಳ್ತಾರೆ. ಕೊಡಬಹುದಾ?" ಎಂದರು. ಇಷ್ಟು ಹೇಳುವುದರೊಳಗೆ ಎರಡು ಸಲ ಕೆಮ್ಮಿದರು. ನಾನು ಬೇಸಾಯದ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಓದಿ, ಕೇಳಿ ತಿಳಿದುದನ್ನು ಎಲ್ಲರಿಗೂ ಆಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಸಂಮೋಹನ ಚಿಕಿತ್ಸೆ ಎಂದು ಹೆಸರು. ವಶೀಕರಣವಲ್ಲ, ಮಾಟವೂ ಅಲ್ಲ. ಶಿಲ್ಪಿ ವಿಗ್ರಹದ ಕಣ್ಣು ಬಿಡಿಸುವಾಗ ಮನೆಯವರು ಊಟಕ್ಕೆ ಕೂಗಿದರೂ ಕೇಳಿಸುವುದಿಲ್ಲ. ರಾತ್ರಿಯೆಲ್ಲಾ ಕೇಳಿಕೆ ನೋಡುವವನಿಗೆ ಸೊಳ್ಳೆ ಕಚ್ಚಿದ್ದು ತಿಳಿಯುವುದಿಲ್ಲ. ಮನಸ್ಸು ಹೀಗೆ ಒಂದೇ ಕಡೆ ನೆಟ್ಟಿರುವ ಸ್ಥಿತಿಯನ್ನು ತರಬೇತಾದವರು ಮಾತಿನಿಂದಲೇ ತರುತ್ತಾರೆ. ಉಸಿರು ನಿಧಾನ ಮಾಡಿಸಿ, ಮೈ ಸಡಿಲ ಬಿಡಿಸಿ, ಆಮೇಲೆ "ಬೀಡಿ ಬೇಕೆನಿಸಿದಾಗ ನೀರು ಕುಡಿಯುತ್ತೀರಿ, ಆಸೆ ಹಾದುಹೋಗುತ್ತದೆ" ಎಂಬಂಥ ಸಲಹೆ ಕೊಡುತ್ತಾರೆ. ಇದು ನಿದ್ರೆಯಲ್ಲ, ಬೇಡವಾದರೆ ಕಣ್ಣು ತೆರೆದು ಎದ್ದು ಬರಬಹುದು. ಬಿಡುವ ಮನಸ್ಸೇ ಇಲ್ಲದವನನ್ನು ಮನೆಯವರು ಎಳೆದೊಯ್ದು ಕೂರಿಸಿದರೆ ಫಲವಿಲ್ಲ.

ವಿದ್ಯೆ ಹೊಸದೇನಲ್ಲ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯರು ರೋಗಿಗಳನ್ನು ಇಂಥ ಸ್ಥಿತಿಗೆ ತಂದು ಶಸ್ತ್ರಚಿಕಿತ್ಸೆ ಮಾಡಿದ್ದರು. ಈಥರ್ ಬಳಕೆಗೆ ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು.

ಈಗ ಇದು ನೋವಿಗೆ, ಶಸ್ತ್ರಚಿಕಿತ್ಸೆಗೆ ಮುಂಚಿನ ಭಯಕ್ಕೆ, ಬೇರೆ ಚಿಕಿತ್ಸೆಯ ಜೊತೆಗೆ ಸಹಾಯವಾಗುತ್ತದೆ. ಆದರೆ ಬೀಡಿ ಬಿಡಿಸುವುದರಲ್ಲಿ ಬೇರೆ ವಿಧಾನಗಳಿಗಿಂತ ಮೇಲೆಂದು ಪರೀಕ್ಷೆಗಳಲ್ಲಿ ಸಿದ್ಧವಾಗಿಲ್ಲ. ಒಂದೇ ದಿನದಲ್ಲಿ ಬಿಡಿಸುತ್ತೇನೆ ಎನ್ನುವವರ ಕೈಗೆ ಹಣ ಕೊಡಬೇಡಿ. ದಿನವೂ ಹೆಚ್ಚು ಹೆಂಡ ಸಾರಾಯಿ ಕುಡಿಯುವವರಂತೂ ಯಾರ ಮಾತು ಕೇಳಿಯೂ ತಟ್ಟನೆ ನಿಲ್ಲಿಸಬಾರದು. ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಅದನ್ನು ವೈದ್ಯರ ಎದುರಿನಲ್ಲೇ ಬಿಡಬೇಕು. ಇಲ್ಲದ ದನಿ ಕೇಳಿಸುತ್ತದೆ ಎನ್ನುವವರನ್ನೂ ಸಂಮೋಹನಕ್ಕೆ ಕೂರಿಸದೆ ಮೊದಲು ಮನೋವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಪಂಪ್‌ಸೆಟ್ಟಿನ ಕೇಬಲ್ ಕಳುವಾದರೆ ಅಂಜನ ಹಾಕಿಸುವ ಹಾಗೆ ಸಂಮೋಹನದಿಂದ ಕಳ್ಳನ ಹೆಸರು ಹೇಳಿಸಬಹುದೇ ಎಂದೂ ಒಬ್ಬರು ಕೇಳಿದರು. ಆ ಸ್ಥಿತಿಯಲ್ಲಿ ನೆನಪಿಗೆ ಬಂದದ್ದೆಲ್ಲ ನಿಜವಾಗಿರುವುದಿಲ್ಲ. ನಿರಪರಾಧಿಯ ಮೇಲೆ ಹೊರೆ ಬೀಳುತ್ತದೆ. ಪೊಲೀಸ್ ಠಾಣೆಗೆ ಹೋಗಿ.

ಬೀಡಿ, ಹೊಗೆಸೊಪ್ಪು ಬಿಡಲು 1800-11-2356ಕ್ಕೆ ಪುಕ್ಕಟೆಯಾಗಿ ಫೋನು ಮಾಡಬಹುದು. ಮನಸ್ಸಿನ ಕಷ್ಟ ಯಾವುದೇ ಇರಲಿ, 2022ರಲ್ಲಿ ಆರಂಭವಾದ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡುತ್ತಾರೆ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಆ ಹಿರಿಯರು ಮಾತ್ರ "ಕೆಮ್ಮು ಧೂಳಿನದು, ಬೀಡಿಯದಲ್ಲ" ಎಂದು ವಾದಿಸಿದರು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ವಿಷ ಎನ್ನುವುದು ನಿಜ. ಆ ಧೂಳು ಕೂತ ಎದೆಗೆ ಕ್ಷಯ ಬೇಗ ತಗಲುತ್ತದೆ, ಮೇಲೆ ಬೀಡಿ ಸೇರಿದರೆ ಹೇಳುವುದೇ ಬೇಡ. ಮೊದಲು ಕಫ, ಎದೆ ಪರೀಕ್ಷೆಯಾಗಲಿ ಎಂದು ಒಪ್ಪಿಸಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಅವರೊಡನೆ ಮಾಲೂರಿನ ಆಸ್ಪತ್ರೆಗೆ ಹೊರಟಿದ್ದೇನೆ. ಉಳಿ ಹಿಡಿಯುವ ಬೇರೆಯವರು ಬರುವುದಾದರೆ ಭಾನುವಾರವೇ ತಿಳಿಸಿ.