ಕಡಲು ಸೇರುವ ನೀರು ಪೋಲಲ್ಲ

ಘಟ್ಟದ ಮೇಲಿನ ನಮಗೆ ಅಘನಾಶಿನಿ ಎಂದರೆ ತೋಟದಂಚಿನ ಹೊಳೆ, ಮಳೆಗಾಲದ ಉಂಚಳ್ಳಿ ಜಲಪಾತ. ಶಿರಸಿ ಬಳಿ ಹುಟ್ಟುವ ಈ ಹೊಳೆ ಘಟ್ಟ ಇಳಿದ ಮೇಲೆ ಏನು ಮಾಡುತ್ತದೆಂದು ನೋಡಿದವರು ಕಡಿಮೆ. 'ಸುಮ್ನೆ ಸಮುದ್ರಕ್ಕೆ ಹೋಗ್ತು, ಎಲ್ಲಾ ಪೋಲು' ಎಂಬ ಮಾತು ಮಾತ್ರ ನಮ್ಮ ಜಗಲಿಗಳಲ್ಲಿ ಧಾರಾಳ.

ಕೊನೆಕೊಯ್ಲು ಮುಗಿದ ಫೆಬ್ರವರಿಯಲ್ಲಿ ನಾವು ಐವರು ಗೆಳೆಯರು ಕುಮಟಾ ಕಡೆ ಇಳಿದೆವು. ಎಲ್ಲರೂ ಎರಡು-ಮೂರು ಎಕರೆಯವರೇ. ತದಡಿಯಲ್ಲಿ ಮೀನುಗಾರರೊಬ್ಬರ ದೋಣಿ ಗೊತ್ತು ಮಾಡಿ, ಬಾಡಿಗೆ ಹಂಚಿಕೊಂಡು, ಇಡೀ ದಿನ ಅಳಿವೆಯಲ್ಲಿ ಸುತ್ತಿದೆವು. ಅವಸರ ಯಾರಿಗೂ ಇರಲಿಲ್ಲ.

ಇಂಜಿನ್ ನಿಲ್ಲಿಸಿದರೆ

ಮೊದಲು ಹೋದದ್ದು ಹೊಳೆ ಕಡಲು ಸೇರುವ ಬಾಯಿಗೆ. 'ಸದ್ದು ಮಾಡ್ದೆ ಕೂತ್ಕಳಿ ಹೆಗಡೇರೆ, ಅವೇ ಬತ್ತವೆ' ಎಂದು ದೋಣಿಯವರು ಇಂಜಿನ್ ನಿಲ್ಲಿಸಿದರು. ಕಾಲು ಗಂಟೆ ಕಳೆದಿರಬೇಕು. ಬೂದು ಬಣ್ಣದ ಬೆನ್ನೊಂದು ನೀರಿನಿಂದ ಮೇಲೆದ್ದು ಮುಳುಗಿತು. ಹಿಂದೆಯೇ ಇನ್ನೆರಡು. ಡಾಲ್ಫಿನ್! ಗೂನು ಬೆನ್ನಿನ ಈ ಜಾತಿ ದಡದ ಹತ್ತಿರ, ಅಳಿವೆಗಳ ಬಾಯಲ್ಲಿ ಮೀನು ಹುಡುಕುತ್ತದೆ. ಹೊಳೆ ತರುವ ಗೊಬ್ಬರಕ್ಕೆ ಮೀನು, ಮೀನಿಗೆ ಡಾಲ್ಫಿನ್. ಮೇಲೆ ಗರುಡಗಳು ಸುತ್ತುತ್ತಿದ್ದವು. ಮರಳದಿಣ್ಣೆಯಲ್ಲಿ ಚಳಿಗಾಲಕ್ಕೆಂದು ಬಂದ ಕಡಲಕ್ಕಿಗಳ ಹಿಂಡು.

ಇಳಿತ ಶುರುವಾದಾಗ ಒಳಗಿನ ಕುರ್ವೆಗಳತ್ತ ತಿರುಗಿದೆವು. ಹೊಳೆನಡುವಿನ ನಡುಗಡ್ಡೆಗೆ ಇಲ್ಲಿ ಕುರ್ವೆ ಎನ್ನುತ್ತಾರೆ. ನೀರಿಳಿದಂತೆ ಕೆಸರುಬಯಲು ಬಾಯ್ಬಿಟ್ಟಿತು. ಒಂದೇ ದೊಡ್ಡ ಕೊಂಬಿನ ಪುಟ್ಟ ಏಡಿಗಳು, ಕೆಸರಿನ ಮೇಲೇ ಕುಪ್ಪಳಿಸುವ ಮೀನುಗಳು, ಬಾಗಿದ ಉದ್ದ ಕೊಕ್ಕಿನಿಂದ ಹುಳ ಕೆದಕುವ ಗೊರವ. ದಂಡೆಯ ಕಲ್ಲಿನ ಮೇಲೆ ಮೀನಿನ ಹುರುಪೆ ತುಂಬಿದ ಹಿಕ್ಕೆ ಇತ್ತು. ನೀರುನಾಯಿಯದು ಎಂದರು. ಪ್ರಾಣಿ ಕಾಣಲಿಲ್ಲ, ಗುರುತು ಸಿಕ್ಕಿತು.

ಸೊಂಟಮಟ್ಟದ ನೀರಿನಲ್ಲಿ ನಿಂತು ಹೆಂಗಸರೂ ಗಂಡಸರೂ ಬಳಚು ಆರಿಸುತ್ತಿದ್ದರು. ಗದ್ದೆಯೂ ಬೇಡ, ಬಿತ್ತನೆಯೂ ಬೇಡ. ಆದರೆ ಸಿಹಿನೀರು ಮತ್ತು ಉಪ್ಪುನೀರಿನ ಹದ ತಪ್ಪಿದರೆ ಈ ಬೆಳೆಯೂ ಇಲ್ಲ.

ಬೇರಿನ ಬೇಲಿ

ಊಟದ ಬುತ್ತಿ ಬಿಚ್ಚಿದ್ದು ಕಾಂಡ್ಲದ ನೆರಳಲ್ಲಿ. ಮರದ ಮೇಲೆಯೇ ಬೀಜ ಮೊಳೆತು ನುಗ್ಗೆಕಾಯಿಯಂತೆ ನೇತಾಡುತ್ತದೆ. ಕೆಳಗೆ ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳುತ್ತದೆ, ಇಲ್ಲವೇ ತೇಲಿ ಬೇರೆಡೆ ನೆಲೆ ಹಿಡಿಯುತ್ತದೆ. ನರ್ಸರಿ ಖರ್ಚಿಲ್ಲದ ಗಿಡ! ಇದರ ಕಾಲುಬೇರುಗಳ ಸಂದಿಯೇ ಮೀನುಮರಿಗಳ ತೊಟ್ಟಿಲು. ಅಲೆಯ ಹೊಡೆತ ತಡೆದು ಗಜನಿಯ ಒಡ್ಡನ್ನು ಕಾಯುವುದೂ ಇದೇ.

ಗಜನಿ ಎಂದರೆ ಉಪ್ಪುನೀರು ನುಗ್ಗುವ ತಗ್ಗುಗದ್ದೆ. ಇಲ್ಲಿ ಬೆಳೆಯುವುದು ಕಗ್ಗ ಭತ್ತ. ಮಳೆನೀರು ಮತ್ತು ಹೊಳೆನೀರು ಗದ್ದೆಯ ಉಪ್ಪು ತೊಳೆದ ಮೇಲೆ ಮೊಳಕೆ ಬೀಜ ಬಿತ್ತುತ್ತಾರೆ. ಗೊಬ್ಬರ, ಔಷಧಿ ಇಲ್ಲ. ನೆರೆಗೂ ಅಲ್ಪಸ್ವಲ್ಪ ಉಪ್ಪಿಗೂ ಜಗ್ಗದ ಎತ್ತರದ ಪೈರು, ಕೆಂಪಕ್ಕಿ. ಕೊಯ್ಲಾದ ಮೇಲೆ ತೂಬಿನ ಹಲಗೆ ಎತ್ತಿ ಭರತದ ನೀರು ಬಿಟ್ಟರೆ, ಕೊಳೆತ ಕೂಳೆ ಸಿಗಡಿ-ಮೀನಿಗೆ ಮೇವು. ಒಂದೇ ಗದ್ದೆ, ಎರಡು ಬೆಳೆ. ಉದುರಿದ ಕಾಳು ಹಕ್ಕಿಗೆ.

ಬೇಸರದ ಸಂಗತಿಯೂ ಇದೆ. ಹಲವು ಗಜನಿಗಳಲ್ಲಿ ಈಗ ಕಗ್ಗ ನಿಂತಿದೆ. ಒಡ್ಡು ಎಲ್ಲರದು. ಒಂದು ಕಡೆ ರಿಪೇರಿ ಬಿಟ್ಟರೂ ಉಪ್ಪುನೀರು ಅಕ್ಕಪಕ್ಕದವರ ಗದ್ದೆಗೂ ನುಗ್ಗುತ್ತದೆ. ಕೂಲಿ ಸಿಗುವುದಿಲ್ಲ, ಸಿಗಡಿಯಲ್ಲಿ ಬೇಗ ದುಡ್ಡು. ಹಟ ಹಿಡಿದು ಬೀಜ ಉಳಿಸಿದವರು ಮಾಣಿಕಟ್ಟಾದಂಥ ಕೆಲವೇ ಊರುಗಳ ರೈತರು.

ಘಟ್ಟ ಹತ್ತುವ ಲೆಕ್ಕ

ವಾಪಸು ಬರುವಾಗ ಸಾಣಿಕಟ್ಟಾದ ಉಪ್ಪಿನಾಗರ ನೋಡಿದೆವು. ಬಿಳಿ ರಾಶಿಗಳ ನಡುವೆ ಬೆಳ್ಳಕ್ಕಿ ಸಾಲು. ಅಲ್ಲಿ ಕೂತು ಗೆಳೆಯರೊಬ್ಬರು ಲೆಕ್ಕ ತೆಗೆದರು: 'ನಮ್ಮ ಕೊಟ್ಟಿಗೆಗೆ ಉಪ್ಪು, ಬೋರ್ಡೋಕ್ಕೆ ಚಿಪ್ಪಿನ ಸುಣ್ಣ, ಕವಳಕ್ಕೆ ಸುಣ್ಣ. ಎಲ್ಲಾ ಇಲ್ಲಿಂದ್ಲೇ ಬಪ್ಪದಲ. ಪೋಲು ಅಂದ್ರೆ ಯಾವುದು?'

ಉತ್ತರ ಹೇಳಲು ಯಾರೂ ಹೋಗಲಿಲ್ಲ. ಅಘನಾಶಿನಿಯ ಮುಖ್ಯ ಹರಿವಿಗೆ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿಯೇ ಮಣ್ಣು, ಎಲೆಗೊಬ್ಬರ, ಸಿಹಿನೀರು ಸಕಾಲಕ್ಕೆ ಕೆಳಗೆ ತಲುಪುತ್ತಿವೆ. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿ ಪಟ್ಟಿ ಸೇರಿತು. ಅಘನಾಶಿನಿಯ ನೀರನ್ನು ವೇದಾವತಿಗೆ ತಿರುಗಿಸುವ ಮಾತು 2025ರಲ್ಲಿ ಜೋರಾಗಿ ಕೇಳಿಬಂತು. ಬಯಲುಸೀಮೆಯ ರೈತರ ಬಾಯಾರಿಕೆ ಸುಳ್ಳಲ್ಲ. ಆದರೆ ಲೆಕ್ಕ ಹಾಕುವವರು ಗಜನಿಯ ಉಪ್ಪು ತೊಳೆಯುವ ನೀರನ್ನು, ಬಳಚು ಬದುಕಿಸುವ ನೀರನ್ನು 'ಮಿಕ್ಕಿದ್ದು' ಎಂದು ಬರೆದರೆ ಆ ಲೆಕ್ಕ ತಪ್ಪು.

ಹೋಗುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಆಗ ವಲಸೆ ಹಕ್ಕಿಗಳು ಇರುತ್ತವೆ. ಮಳೆಗಾಲದಲ್ಲಿ ಹೋಗಬೇಡಿ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ದೋಣಿಯವರನ್ನು ಮುಂಚೆಯೇ ಕೇಳಿಕೊಳ್ಳಿ. ಹಕ್ಕಿ ನೋಡಲು ಇಳಿತವೇ ಬೇಕು. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಹೆಚ್ಚು. ಜೀವರಕ್ಷಕ ಅಂಗಿ ಕೇಳಿ ಹಾಕಿಕೊಳ್ಳಿ, ಈಜು ಬಂದರೂ. ಟೋಪಿ, ಕುಡಿಯುವ ನೀರು, ಬುತ್ತಿ ಇರಲಿ. ಬುತ್ತಿಯ ಪ್ಲಾಸ್ಟಿಕ್ ಮನೆಗೇ ವಾಪಸು ತನ್ನಿ. ಸಾಧ್ಯವಾದರೆ ಮಕ್ಕಳನ್ನು ಕರೆದೊಯ್ಯಿರಿ. ತೋಟದ ಹೊಳೆ ಕೊನೆಗೆ ಎಲ್ಲಿ, ಯಾರ ಗದ್ದೆ ತಲುಪುತ್ತದೆಂದು ಅವರಿಗೂ ಗೊತ್ತಾಗಲಿ.