ಉದ್ಯೋಗ ಸಂದರ್ಶನಕ್ಕೆ ಪೂರ್ವಸಿದ್ಧತೆ

ವಿದ್ಯಾಭ್ಯಾಸವನ್ನು ಮುಗಿಸಿ ಜೀವನದ ಹೊಸ್ತಿಲಲ್ಲಿ ನಿಂತಿರುವ ತರುಣ ತರುಣಿಯರಿಗೆ ಉದ್ಯೋಗ ಸಂದರ್ಶನವು ಒಂದು ದೊಡ್ಡ ಕಂಟಕವಾಗಿ ತೋರುವುದು ಸಹಜ. ಲಿಖಿತ ಪರೀಕ್ಷೆಯಲ್ಲಿ ತಿಳಿಯದ ಪ್ರಶ್ನೆಯನ್ನು ಬದಿಗಿಟ್ಟು ಮುಂದೆ ಸಾಗಬಹುದು; ಸಂದರ್ಶನದಲ್ಲಾದರೋ ಪ್ರಶ್ನಿಸುವವರು ಎದುರಿಗೇ ಕುಳಿತಿರುತ್ತಾರೆ. ತರಗತಿಯಲ್ಲಿ ಜಾಣರೆನಿಸಿಕೊಂಡವರೂ ಅಲ್ಲಿ ಎಡವುವುದುಂಟು. ಇದಕ್ಕೆ ಅರಿವಿನ ಕೊರತೆಗಿಂತಲೂ, ಅರಿತದ್ದನ್ನು ನಾಲ್ಕು ಜನರ ಮುಂದೆ ಹೇಳಿ ರೂಢಿಯಿಲ್ಲದಿರುವುದೇ ಬಹುಮಟ್ಟಿಗೆ ಕಾರಣ.

ನಮ್ಮ ಕೃಷ್ಣರಾಜಪುರದ ಸುತ್ತಮುತ್ತ ಉದ್ಯೋಗದ ಸ್ವರೂಪವು ಬಹಳ ಬದಲಾಗಿದೆ. 1940ರಲ್ಲಿ ವಿಮಾನ ಕಾರ್ಖಾನೆಯೂ, 1948ರಲ್ಲಿ ದೂರವಾಣಿ ಕಾರ್ಖಾನೆಯೂ ಈ ಭಾಗದಲ್ಲಿ ಸ್ಥಾಪಿತವಾದವು. ಅಂದಿನ ಕಾರ್ಖಾನೆಗಳಲ್ಲಿ ಕುಶಲಕರ್ಮಿಯ ಕೈಚಳಕವೇ ಅವನ ಪರವಾಗಿ ಮಾತನಾಡುತ್ತಿತ್ತು. 1990ರ ದಶಕದಿಂದೀಚೆಗೆ ವೈಟ್‌ಫೀಲ್ಡಿನಲ್ಲಿ ಬೆಳೆದ ಕಂಪ್ಯೂಟರ್ ಸಂಸ್ಥೆಗಳಲ್ಲಿ ಕೆಲಸದೊಡನೆ ಮಾತಿನ ಸ್ಪಷ್ಟತೆಯನ್ನೂ ಅಪೇಕ್ಷಿಸಲಾಗುತ್ತದೆ.

ಎಲ್ಲ ಹುದ್ದೆಗಳಿಗೂ ಸಂದರ್ಶನವಿದೆಯೆಂದು ಭಾವಿಸಬೇಕಾಗಿಲ್ಲ. ಕೇಂದ್ರ ಸರ್ಕಾರವು 2016ರ ಜನವರಿ 1ರಿಂದ ಗೆಜೆಟೆಡ್ ಅಲ್ಲದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು ಕೈಬಿಟ್ಟಿತು. ಆದರೆ ಸಿವಿಲ್ ಸೇವೆಗಳ ಆಯ್ಕೆಯಲ್ಲಿ ಒಟ್ಟು 2025 ಅಂಕಗಳ ಪೈಕಿ 275 ಅಂಕಗಳು ಸಂದರ್ಶನಕ್ಕೇ ಮೀಸಲಾಗಿವೆ. ಖಾಸಗಿ ಸಂಸ್ಥೆಗಳಲ್ಲಂತೂ ಅನೇಕ ವೇಳೆ ಸಂದರ್ಶನವೇ ನಿರ್ಣಾಯಕ. ಆದ್ದರಿಂದ ಅರ್ಜಿ ಹಾಕುವ ಮುನ್ನ ಪ್ರಕಟಣೆಯನ್ನು ಸಾವಧಾನವಾಗಿ ಓದಿ, ಆಯ್ಕೆಯ ಕ್ರಮವನ್ನು ಅರಿತುಕೊಳ್ಳುವುದು ಮೊದಲ ಕರ್ತವ್ಯ.

ಸಂದರ್ಶಕರು ಮುಖ್ಯವಾಗಿ ಪರೀಕ್ಷಿಸುವುದೇನನ್ನು? ಅಭ್ಯರ್ಥಿಯು ತನ್ನ ಅರ್ಜಿಯಲ್ಲಿ ಬರೆದುಕೊಂಡದ್ದು ಅವನಿಗೆ ನಿಜವಾಗಿ ದಕ್ಕಿದೆಯೇ ಎಂಬುದನ್ನು. ಫಿಟ್ಟರ್ ತರಬೇತಿ ಪಡೆದವನನ್ನು, ‘ವರ್ನಿಯರ್ ಕ್ಯಾಲಿಪರಿನಿಂದ ಎಷ್ಟು ಸೂಕ್ಷ್ಮವಾಗಿ ಅಳೆಯಬಹುದು?’ ಎಂದು ಕೇಳಿದರೆ, ಪುಸ್ತಕ ಓದಿದವನು 0.02 ಮಿಲಿಮೀಟರ್ ಎಂದು ಹೇಳಿ ಸುಮ್ಮನಾದಾನು. ಅದನ್ನು ಕೈಯಾರೆ ಬಳಸಿದವನು, ಅಳೆಯುವ ಮೊದಲು ಎರಡು ದವಡೆಗಳನ್ನೂ ಕೂಡಿಸಿ ಸೊನ್ನೆಗೆ ಸೊನ್ನೆ ಸೇರುವುದೋ ಇಲ್ಲವೋ ನೋಡಿಕೊಳ್ಳಬೇಕೆಂಬುದನ್ನೂ ಸೇರಿಸುತ್ತಾನೆ. ವಾಣಿಜ್ಯ ವಿದ್ಯಾರ್ಥಿನಿಯನ್ನು, ‘ನಗದು ಪುಸ್ತಕದ ಶಿಲ್ಕಿಗೂ ಬ್ಯಾಂಕಿನ ಪಾಸ್ ಪುಸ್ತಕದ ಶಿಲ್ಕಿಗೂ ವ್ಯತ್ಯಾಸವೇಕೆ?’ ಎಂದು ಕೇಳಬಹುದು. ನಾವು ಕೊಟ್ಟ ಚೆಕ್ಕನ್ನು ಪಡೆದವರು ಇನ್ನೂ ಬ್ಯಾಂಕಿಗೆ ಹಾಕದಿರಬಹುದೆಂಬ ಒಂದು ಸರಳ ಉದಾಹರಣೆಯು, ಉರು ಹೊಡೆದ ವ್ಯಾಖ್ಯೆಗಿಂತ ಹೆಚ್ಚು ತೂಕವುಳ್ಳದ್ದು. ಆದುದರಿಂದ ಅರ್ಜಿಯಲ್ಲಿನ ಪ್ರತಿಯೊಂದು ಸಾಲಿಗೂ ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳನ್ನು ತಾನೇ ಹಾಕಿಕೊಂಡು, ಉತ್ತರವನ್ನು ಗಟ್ಟಿಯಾಗಿ ಹೇಳಿ ಅಭ್ಯಸಿಸಬೇಕು. ಮಾಡದ ಕೆಲಸವನ್ನು ಮಾಡಿದೆನೆಂದು ಬರೆದವನು ಎರಡನೆಯ ಪ್ರಶ್ನೆಗೇ ಸಿಕ್ಕಿಬೀಳುತ್ತಾನೆ. ತಿಳಿಯದಿದ್ದರೆ ‘ನನಗೆ ತಿಳಿಯದು’ ಎಂದು ವಿನಯದಿಂದ ಒಪ್ಪಿಕೊಳ್ಳುವುದು ಹೀನಾಯವಲ್ಲ.

‘ಶೂನ್ಯಸಂಪಾದನೆ’ಯನ್ನು ಓದಿದವರಿಗೆ, ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಪ್ರಶ್ನಿಸಿದ ಪ್ರಸಂಗವು ನೆನಪಿರಬಹುದು. ಆ ಮಹಾನುಭಾವರ ಸಂವಾದವನ್ನು ಲೌಕಿಕ ಉದ್ಯೋಗಕ್ಕೆ ಹೋಲಿಸುವುದು ಸಲ್ಲದು. ಆದರೂ ಕಠಿಣ ಪ್ರಶ್ನೆಗೆ ಅಂಜದೆ, ತಾನು ಬಾಳಿ ಕಂಡದ್ದನ್ನೇ ನುಡಿಯುವ ಧೈರ್ಯವನ್ನು ನಮ್ಮ ಮಕ್ಕಳು ಅಲ್ಲಿಂದ ಕಲಿಯಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಇಂಗ್ಲಿಷಿನ ಭಯವು ವಿಶೇಷವಾಗಿ ಕಾಡುತ್ತದೆ. ಸಿವಿಲ್ ಸೇವೆಗಳ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿಯೇ ಸಂದರ್ಶನಕ್ಕೆ ಹಾಜರಾಗುವ ಅವಕಾಶವುಂಟು. ಖಾಸಗಿ ಸಂಸ್ಥೆಗಳಲ್ಲಿ ಅನೇಕ ವೇಳೆ ಇಂಗ್ಲಿಷ್ ಅನಿವಾರ್ಯ. ಅಂಥವರು ವಿಷಯವನ್ನು ಮೊದಲು ಕನ್ನಡದಲ್ಲಿ ಖಚಿತಪಡಿಸಿಕೊಂಡು, ಬಳಿಕ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಕಲಿಯಲಿ. ಅಲಂಕಾರದ ಭಾಷೆ ಬೇಕಾಗಿಲ್ಲ; ಹೇಳಿದ್ದು ಅರ್ಥವಾದರೆ ಸಾಕು.

ಇನ್ನು ಹೊರಗಿನ ಏರ್ಪಾಡುಗಳು: ಮೂಲ ಪ್ರಮಾಣಪತ್ರಗಳನ್ನೂ ಅವುಗಳ ಪ್ರತಿಗಳನ್ನೂ ಹಿಂದಿನ ದಿನವೇ ಜೋಡಿಸಿಟ್ಟುಕೊಳ್ಳಬೇಕು. ಉಡುಪು ಬೆಲೆಯುಳ್ಳದ್ದಾಗಿರಬೇಕಿಲ್ಲ, ಶುಭ್ರವಾಗಿದ್ದರೆ ಸಾಕು. 2023ರಲ್ಲಿ ಮೆಟ್ರೋ ರೈಲು ಕೃಷ್ಣರಾಜಪುರವನ್ನು ಮುಟ್ಟಿದ ಮೇಲೆ ಪ್ರಯಾಣವು ಸುಗಮವಾಗಿದೆಯಾದರೂ, ಅರ್ಧ ಗಂಟೆ ಮೊದಲೇ ತಲುಪುವುದು ಕ್ಷೇಮ. ಉದ್ಯೋಗ ಕೊಡಿಸುವೆನೆಂದು ಹಣ ಕೇಳುವವರನ್ನು ದೂರವಿಡಬೇಕು.

ಈ ಸಿದ್ಧತೆಯನ್ನು ವಿದ್ಯಾರ್ಥಿಯೊಬ್ಬನೇ ಮಾಡಿಕೊಳ್ಳಲಾರ. ಮನೆಯಲ್ಲಿ ಮೊದಲ ಪದವೀಧರನಾದವನಿಗೆ ಸಂದರ್ಶನವೆಂದರೇನೆಂದು ಹೇಳಿಕೊಡುವವರು ಯಾರು? ಉಪಾಧ್ಯಾಯರು ತರಗತಿಯಲ್ಲಿ ಪ್ರತಿ ವಾರವೂ ಇಬ್ಬರು ಮಕ್ಕಳನ್ನಾದರೂ ಎದ್ದು ನಿಲ್ಲಿಸಿ ಐದು ನಿಮಿಷ ಮಾತನಾಡಿಸಲಿ. ಕಾರ್ಖಾನೆಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಶಾಲೆಗೆ ಬಂದು ಅಣಕು ಸಂದರ್ಶನ ನಡೆಸಿಕೊಡಲಿ. ದಾಸೋಹವೆಂದರೆ ಅನ್ನದಾನವೊಂದೇ ಅಲ್ಲ. ತಾವು ಬಲ್ಲ ದಾರಿಯನ್ನು ಕಿರಿಯರಿಗೆ ತೋರುವುದೂ ದಾಸೋಹವೇ. ಉದಾರಿಗಳಾದ ದಾನಿಗಳು ಇಂತಹ ಕಾರ್ಯಕ್ಕೂ ಕೈಜೋಡಿಸಿದರೆ, ನಮ್ಮ ಶಾಲೆಯ ಮಕ್ಕಳು ತಮಗೆ ಒಪ್ಪುವ ಕಾಯಕವನ್ನು ತಲೆಯೆತ್ತಿ ಕೇಳಿ ಪಡೆಯುವಂತಾಗುವುದರಲ್ಲಿ ಸಂದೇಹವಿಲ್ಲ.