ವಿದ್ಯಾರ್ಥಿನಾಟಕದಲ್ಲಿ ಆತ್ಮಪರೀಕ್ಷೆ: ಸಿದ್ಧಿ ಘಾತಗಳ ಲೇಖನಕ್ರಮ

ನಾಟಕದಲ್ಲಿ ಪಾತ್ರ ವಹಿಸಿದ ವಿದ್ಯಾರ್ಥಿಯು ತನ್ನ ಅಭಿನಯದ ವೃತ್ತಾಂತವನ್ನು ತಾನೇ ಬರೆದು, ಅದರ ಗುಣದೋಷಗಳನ್ನೂ ತಾನೇ ನಿರ್ಣಯಿಸಿ ಒಪ್ಪಿಸಬೇಕೆಂಬ ಪದ್ಧತಿಯು ಕೆಲವು ವಿದ್ಯಾಶಾಲೆಗಳಲ್ಲಿ ನಡೆದುಬಂದಿದೆ. ಪ್ರಯೋಗವನ್ನು ಲೆಕ್ಕವಿಟ್ಟು ಪರೀಕ್ಷಿಸುವ ಕ್ರಮವು ನಮ್ಮಲ್ಲಿ ಪ್ರಾಚೀನವೆಂಬುದು ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವನ್ನು ನೋಡಿದವರಿಗೆ ವಿದಿತವೇ ಸರಿ. ಆದರೆ ಅಲ್ಲಿ ಲೆಕ್ಕವಿಡುವವನು ನಟನಲ್ಲ. ಈ ಭೇದದಿಂದ ಹುಟ್ಟುವ ತೊಡಕನ್ನೂ ಅದರ ಪರಿಹಾರವನ್ನೂ ಇಲ್ಲಿ ವಿಚಾರಿಸುವೆವು.

ಪ್ರಯೋಗದ ಸಾಫಲ್ಯಕ್ಕೆ ಭರತನು ಸಿದ್ಧಿಯೆಂದು ಹೆಸರಿಟ್ಟು, ಅದನ್ನು ಮಾನುಷೀ, ದೈವೀ ಎಂದು ಎರಡಾಗಿ ವಿಭಾಗಿಸಿರುವನು. ಪ್ರೇಕ್ಷಕರ ಮುಗುಳುನಗೆ, ಅಟ್ಟಹಾಸ, ಸಾಧುವಾದ, ರೋಮಾಂಚ, ಆಸನದಿಂದೇಳುವಿಕೆ ಮೊದಲಾದುವು ಮಾನುಷೀ ಸಿದ್ಧಿಯ ಚಿಹ್ನೆಗಳು. ರಂಗವು ತುಂಬಿದ್ದು, ಶಬ್ದವಾಗಲಿ ಕ್ಷೋಭೆಯಾಗಲಿ ಇಲ್ಲದಿರುವುದು ದೈವೀ ಸಿದ್ಧಿ. ವೈಫಲ್ಯಕ್ಕೆ ಘಾತವೆಂದು ಹೆಸರು. ಗಾಳಿ, ಬೆಂಕಿ, ಮಳೆಗಳಿಂದಾದುದು ದೈವಕೃತ. ವೈರಿಗಳ ಗದ್ದಲದಿಂದಾದುದು ಪರಕೃತ. ಮಾತು ಮರೆಯುವುದು, ಅನ್ಯರ ಮಾತನ್ನಾಡುವುದು, ಹಸ್ತಾಭಿನಯ ತಪ್ಪುವುದು, ಕಿರೀಟ ಜಾರುವುದು ಇತ್ಯಾದಿ ಆತ್ಮಕೃತ. ಇವುಗಳನ್ನು ಪ್ರಾಶ್ನಿಕರೆಂಬ ಪರೀಕ್ಷಕರು ರಂಗದಿಂದ 12 ಹಸ್ತ, ಎಂದರೆ ಸುಮಾರು 18 ಅಡಿ, ದೂರದಲ್ಲಿ ಕುಳಿತು, ಗಣಕರ ಸಹಾಯದಿಂದ ಬರೆದಿಡಬೇಕು. ದೈವಕೃತ ಪರಕೃತ ಘಾತಗಳನ್ನು ಬರೆಯಬಾರದು, ಆತ್ಮಕೃತವನ್ನು ಬರೆಯಲೇಬೇಕು ಎಂಬ ವಿಧಿಯು ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು.

ಬೀದರಿನ ನೌಬಾದದಲ್ಲಿ ವಿದ್ಯಾರ್ಥಿಗಳು ಕಲ್ಯಾಣದ ಶರಣರ ವೃತ್ತಾಂತವನ್ನು ಆಡಿದಾಗ, ಹರಳಯ್ಯನ ಪಾತ್ರಧಾರಿಯು ಬರೆದ ಪರೀಕ್ಷಾಪತ್ರವನ್ನು ನಾವು ಓದಿದೆವು. ದೀಪವಾರಿದುದರಿಂದ ದೃಶ್ಯವು ಕೆಟ್ಟಿತೆಂದೂ, ಯಾರೂ ಚಪ್ಪಾಳೆ ತಟ್ಟಲಿಲ್ಲವಾದುದರಿಂದ ತನ್ನ ಅಭಿನಯವು ನಿಷ್ಫಲವಾಯಿತೆಂದೂ ಅವನು ಬರೆದಿದ್ದನು. ಸಭೆಯಲ್ಲಿ ಕುಳಿತಿದ್ದ ಸಹಪಾಠಿಯ ಟಿಪ್ಪಣಿಯು ಬೇರೆಯಾಗಿತ್ತು: ದೀಪವಾರುವ ಮೊದಲೇ ಎರಡು ಮಾತುಗಳು ಬಿಟ್ಟುಹೋಗಿದ್ದುವು, ದೀಪ ಬಂದ ಮೇಲೆ, ಹರಳಯ್ಯನನ್ನು ಶಿಕ್ಷೆಗೆ ಒಯ್ಯುವವರೆಗೂ, ತುಂಬಿದ ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಹೀಗೆ ಆ ಬಾಲಕನು ಬರೆಯಬಾರದುದನ್ನು ಬರೆದು, ಬರೆಯಬೇಕಾದುದನ್ನು ಬಿಟ್ಟು, ದೈವೀ ಸಿದ್ಧಿಯನ್ನೇ ಘಾತವೆಂದು ಎಣಿಸಿದ್ದನು.

ಇದಕ್ಕೆ ವಿಪರೀತವಾದ ಭ್ರಾಂತಿಯು ನಮ್ಮದು. ಪಾಠಶಾಲೆಯಲ್ಲಿದ್ದಾಗ ಶಾಕುಂತಲದ ಕಣ್ವನಾಗಿ ಮಗಳನ್ನು ಬೀಳ್ಕೊಡುವಾಗ ನಮಗೆ ನಿಜವಾಗಿಯೂ ಕಣ್ಣೀರು ಬಂದಿತ್ತು. ಸಭೆಯೂ ಕರಗಿತೆಂದೇ ಬಹುಕಾಲ ನಂಬಿದ್ದೆವು. ನಾವು ಸಭೆಗೆ ಬೆನ್ನು ಮಾಡಿ ನಿಂತಿದ್ದೆವೆಂದೂ, ಅರ್ಧ ಮಾತುಗಳು ಯಾರಿಗೂ ಕೇಳಿಸಲಿಲ್ಲವೆಂದೂ ಮುಂದಿನ ಸಾಲಿನಲ್ಲಿದ್ದ ಮಿತ್ರನು ವರ್ಷಗಳ ತರುವಾಯ ತಿಳಿಸಿದನು. ನಟನ ಕಣ್ಣೀರು ರಸಕ್ಕೆ ಪ್ರಮಾಣವಲ್ಲ. ರಸದ ನೆಲೆ ಸಹೃದಯನಲ್ಲಿ.

ಹಾಗಾದರೆ ಆತ್ಮಪರೀಕ್ಷೆಯು ವ್ಯರ್ಥವೇ? ಅಲ್ಲ. ಸಂಕಲ್ಪವೇನಿತ್ತೆಂಬುದನ್ನು ನಟನಲ್ಲದೆ ಬೇರೊಬ್ಬನು ಅರಿಯನು. ರಷ್ಯದ ಸ್ತಾನಿಸ್ಲಾವ್‌ಸ್ಕಿಯು 1936ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ತನ್ನ ನಟಶಿಕ್ಷಣಗ್ರಂಥವನ್ನು ಒಬ್ಬ ವಿದ್ಯಾರ್ಥಿಯ ದಿನಚರಿಯ ರೂಪದಲ್ಲಿ ರಚಿಸಿದನು. ಆದರೆ ಅಲ್ಲಿಯೂ ಶಿಷ್ಯನ ಅನುಭವದ ಪಕ್ಕದಲ್ಲಿ ಗುರುವಿನ ವಿಮರ್ಶೆಯು ಇದ್ದೇ ಇರುವುದು.

ಆದಕಾರಣ ಉಪಾಧ್ಯಾಯರು ಪತ್ರದಲ್ಲಿ ನಾಲ್ಕು ಅಂಕಣಗಳನ್ನು ಮಾಡಿಸುವುದು ಯುಕ್ತ. ಮೊದಲನೆಯದರಲ್ಲಿ ಪ್ರಯೋಗಕ್ಕೆ ಮುಂಚೆಯೇ ಬರೆದ ಸಂಕಲ್ಪ. ಎರಡನೆಯದರಲ್ಲಿ ಅದೇ ರಾತ್ರಿ, ಅಂಕದೃಶ್ಯಗಳ ನಿರ್ದೇಶದೊಡನೆ, ಆತ್ಮಕೃತ ಘಾತಗಳು. ಮೂರನೆಯದರಲ್ಲಿ ಸಭೆಯಲ್ಲಿ ಕುಳಿತ ಸಹಪಾಠಿಯು ಬರೆದ ಸಿದ್ಧಿಚಿಹ್ನೆಗಳು, ಮೌನವೂ ಸೇರಿ. ನಾಲ್ಕನೆಯದರಲ್ಲಿ, ಕೆಲವು ದಿನಗಳ ತರುವಾಯ ಈ ಮೂರನ್ನೂ ಹೋಲಿಸಿ ಮಾಡಿದ ನಿರ್ಣಯ. ಘಾತವನ್ನು ಪಾತ್ರಕ್ಕನುಗುಣವಾಗಿಯೇ ಎಣಿಸಬೇಕು: ಮಹಾಪ್ರಾಣವನ್ನು ಸಡಿಲಿಸುವುದು ರಾಜಗುರುವಿನ ಪಾತ್ರದಲ್ಲಿ ದೋಷವಾದೀತು, ಬೀದರ ಸೀಮೆಯ ಒಕ್ಕಲಿಗನ ಪಾತ್ರದಲ್ಲಿ ಅದೇ ಔಚಿತ್ಯ.

ನೌಬಾದದ ಆ ಬಾಲಕನಿಗೆ ಎರಡು ಪತ್ರಗಳನ್ನೂ ಜೊತೆಯಲ್ಲಿಟ್ಟು ತೋರಿಸಿದೆವು. ಅವನು ದೀಪದ ಮಾತನ್ನು ಹೊಡೆದುಹಾಕಿ, ಬಿಟ್ಟುಹೋದ ಎರಡು ಮಾತುಗಳನ್ನು ತನ್ನ ಕೈಯಿಂದಲೇ ಬರೆದುಕೊಂಡನು.